ಹಾವಿಗೊಂದು ಟಬ್ ಹುಡುಕುತ್ತ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ನಡುಕೋಣೆಯಲ್ಲಿ, ಪುಸ್ತಕದ ಕಪಾಟಿನ ಪಕ್ಕದಲ್ಲಿ, ಬೂದು ಬಣ್ಣದ ದೊಡ್ಡದೊಂದು ಪ್ಲಾಸ್ಟಿಕ್ ಟಬ್ ಇದೆ. ಹೊಸದಾಗಿ ಬಂದವರು ಅದರಲ್ಲಿ ಚಳಿಗಾಲದ ರಗ್ಗು, ಕೌದಿಗಳಿರಬೇಕೆಂದು ಭಾವಿಸುತ್ತಾರೆ. ಅದರೊಳಗಿರುವುದು ನಾಲ್ಕು ಅಡಿಗಿಂತ ತುಸು ಹೆಚ್ಚು ಉದ್ದದ, ಒಂದೂವರೆ ಕಿಲೋ ತೂಗುವ ಒಂದು ಹೆಣ್ಣು ಬಾಲ್ ಪೈಥಾನ್, ಅಂದರೆ ಆಫ್ರಿಕಾ ಮೂಲದ ಚಿಕ್ಕ ಜಾತಿಯ ಹೆಬ್ಬಾವು. ನನ್ನ ಮಗ ಅದಕ್ಕೆ ಮುತ್ತು ಎಂದು ಹೆಸರಿಟ್ಟಿದ್ದಾನೆ. ಈಗಿರುವುದು ಅದರ ಮೂರನೆಯ ಟಬ್. ಮೊದಲನೆಯದರಲ್ಲಿ ಅದು ಹತ್ತು ದಿನವೂ ನಿಲ್ಲಲಿಲ್ಲ. ಎರಡನೆಯದರಲ್ಲಿ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಂಡಿತು. ಒಂದು ಡಬ್ಬಿಯನ್ನು ಆರಿಸುವುದಕ್ಕೆ ಇಷ್ಟೊಂದು ತಿಂಗಳು ಬೇಕೇ ಎಂದು ಕೇಳಿದವರಿದ್ದಾರೆ. ನನಗಂತೂ ಬೇಕಾದವು, ಮತ್ತು ಆ ತಿಂಗಳುಗಳಲ್ಲಿ ತಿಳಿದುಕೊಂಡದ್ದನ್ನು ಮೊದಲೇ ಯಾರಾದರೂ ಕನ್ನಡದಲ್ಲಿ ಬರೆದಿಟ್ಟಿದ್ದರೆ ಆ ಪ್ರಾಣಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮುತ್ತು ನಮ್ಮ ಮನೆಗೆ ಬಂದದ್ದು 2020ರ ಆರಂಭದಲ್ಲಿ, ಅಂಗೈಯಲ್ಲಿ ಸುರುಳಿ ಸುತ್ತಿಕೊಳ್ಳುವಷ್ಟು ಚಿಕ್ಕ ಮರಿಯಾಗಿ. ಮಗ ಆಗಿನ್ನೂ ವಿದ್ಯಾರ್ಥಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು, ವಿದೇಶಿ ಮೂಲದ ಪ್ರಾಣಿಗಳನ್ನು ಸಾಕಿರುವವರು ತಾವಾಗಿಯೇ ಮುಂದೆ ಬಂದು ಘೋಷಿಸಿಕೊಳ್ಳಬೇಕೆಂದು ಸೂಚನೆ ಹೊರಡಿಸಿದಾಗ, ಆ ಘೋಷಣೆಯನ್ನು ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನನ್ನ ಹೆಸರಿನಲ್ಲಿಯೇ ಸಲ್ಲಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅದರ ಬೆನ್ನಿಗೆ 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳು ಪ್ರಕಟವಾದ ಮೇಲೆ ಆ ಕೆಲಸವನ್ನೂ ಮುಗಿಸಿದೆವು. ಕೇರೆ, ನಾಗರ, ಹೆಬ್ಬಾವು ಮೊದಲಾದ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿಟ್ಟು ಸಾಕುವುದು ಅಪರಾಧ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೀವಿ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ. ಆದ್ದರಿಂದ ಕಾಗದಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಹಾವನ್ನು ತರಬೇಕೆಂದು ಯೋಚಿಸುವವರು ಟಬ್‌ಗಿಂತ ಮೊದಲು ಈ ಕಾಗದಗಳ ಬಗ್ಗೆ ಯೋಚಿಸಬೇಕು.

2024ರ ಕೊನೆಯಲ್ಲಿ ಮಗ ಉದ್ಯೋಗಕ್ಕಾಗಿ ಜರ್ಮನಿಗೆ ಹೋದ. ಹೋಗುವಾಗ ಮೂರು ಅಡಿ ಉದ್ದದ ಗಾಜಿನ ತೊಟ್ಟಿಯನ್ನೂ, ಅದರ ಮೇಲಿನ ತಂತಿಜಾಲರಿಯ ಮುಚ್ಚಳವನ್ನೂ, ಒಂದು ನೋಟ್‌ಬುಕ್ಕನ್ನೂ ನನ್ನ ಕೈಗೆ ಕೊಟ್ಟ. ಅವನಿದ್ದಾಗ ದಿನಕ್ಕೆ ಎರಡು ಸಲ ನೀರು ಸಿಂಪಡಿಸುವುದು, ಜಾಲರಿಯ ಮೇಲೆ ಒದ್ದೆ ಟವೆಲ್ ಹಾಸುವುದು, ರಾತ್ರಿ ಎದ್ದು ನೋಡುವುದು ಎಲ್ಲವೂ ತನ್ನಷ್ಟಕ್ಕೆ ನಡೆಯುತ್ತಿತ್ತು. ನಾನು ಅಷ್ಟೊಂದು ಮಾಡಬೇಕಾಗುತ್ತದೆಂದು ಎಣಿಸಿರಲಿಲ್ಲ. ಪುಣೆಯ ಮಾರ್ಚ್, ಏಪ್ರಿಲ್ ತಿಂಗಳುಗಳ ಒಣ ಬಿಸಿಲನ್ನು ಬಲ್ಲವರಿಗೆ ಮುಂದೆ ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಬಾಲ್ ಪೈಥಾನಿಗೆ ಶೇಕಡಾ 60ರಿಂದ 70ರಷ್ಟು ತೇವ ಬೇಕು. ನಮ್ಮ ತೊಟ್ಟಿಯ ತೇವಮಾಪಕ ಮಧ್ಯಾಹ್ನದ ಹೊತ್ತಿಗೆ 28 ತೋರಿಸುತ್ತಿತ್ತು. ಆ ಏಪ್ರಿಲ್‌ನಲ್ಲಿ ಮುತ್ತು ಪೊರೆ ಬಿಟ್ಟಾಗ, ತಲೆಯಿಂದ ಬಾಲದವರೆಗೆ ಕಾಲುಚೀಲ ಕಳಚಿದಂತೆ ಒಂದೇ ತುಂಡಾಗಿ ಬರಬೇಕಾದ ಪೊರೆ, ಒಣಗಿದ ಈರುಳ್ಳಿ ಸಿಪ್ಪೆಯಂತೆ ಚೂರುಚೂರಾಗಿ ಬಂದಿತು. ಕಣ್ಣಿನ ಮೇಲಿನ ಪಾರದರ್ಶಕ ಪರೆ ಬಿಡಲೇ ಇಲ್ಲ. ಪಶುವೈದ್ಯರು ಅದನ್ನು ಎಳೆಯಬಾರದೆಂದು ಎಚ್ಚರಿಸಿ, ಬೆಚ್ಚಗಿನ ಒದ್ದೆ ಬಟ್ಟೆಯ ಚೀಲದಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆದುಗೊಳಿಸಿದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು: ಔಷಧಿಗಿಂತ ಮೊದಲು ಮನೆ ಬದಲಾಯಿಸಿ.

ಟಬ್ ಎಂಬ ಆಲೋಚನೆ ಹುಟ್ಟಿದ್ದು ಅಲ್ಲಿಂದ. ಆದರೆ ಎಂತಹ ಟಬ್ ಎಂಬುದಕ್ಕೆ ದಿಕ್ಕು ತೋರಿಸಿದವರು ನನ್ನ ಅತ್ತೆ. ಅವರು ಧಾರವಾಡದವರು, ಎಂಬತ್ತು ದಾಟಿದವರು. ಪಂಚಮಿಯ ದಿನ ಮಡಿಯುಟ್ಟು, ಅಳ್ಳಿಟ್ಟು, ಎಳ್ಳುಂಡಿಗಳ ಬುಟ್ಟಿ ಹಿಡಿದು, ಊರ ಹೊರಗಿನ ಹುತ್ತಕ್ಕೆ ಹಾಲೆರೆದು ಬಂದ ಜೀವ ಅವರದು. ಹಾವು ಹಾಲು ಕುಡಿಯುವುದಿಲ್ಲವೆಂದು ಮೊಮ್ಮಗ ಹೇಳಿದಾಗ ಅವರು ಬೇಸರಿಸಿಕೊಳ್ಳದೆ, ಮುತ್ತುವಿನ ಬಟ್ಟಲಿಗೆ ಶುದ್ಧ ನೀರು ತುಂಬುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಪೊರೆಯ ಘಟನೆ ನಡೆದ ವಾರ ಅವರು ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದು, ಕೊನೆಗೆ ಹೇಳಿದರು: “ಹುತ್ತಕ್ಕ ಎಲ್ಲ್ಯರ ಗಾಜಿನ ಕಿಡಕಿ ಇರ್ತಾವೇನವಾ? ನಾಕೂ ಕಡೆ ಬೆಳಕು. ಪಾಪ, ಅದು ಎಲ್ಲಿ ಹೋಗಿ ಕೂಡಬೇಕು?”

ಇದನ್ನು ನಾನು ಭಕ್ತಿಯ ಮಾತೆಂದು ಬದಿಗಿಡಬಹುದಿತ್ತು. ಆದರೆ ಆ ರಾತ್ರಿ ಬಾಲ್ ಪೈಥಾನಿನ ಕಾಡಿನ ಬದುಕಿನ ಬಗ್ಗೆ ಓದಲು ಕುಳಿತಾಗ ತಿಳಿದದ್ದು, ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು ಮತ್ತು ಹೊಲಗಳಲ್ಲಿ ಈ ಹಾವು ಹಗಲೆಲ್ಲ ಕಳೆಯುವುದು ಇಲಿಗಳು ತೋಡಿದ ಬಿಲಗಳಲ್ಲಿ ಮತ್ತು ಗೆದ್ದಲು ಕಟ್ಟಿದ ಹುತ್ತಗಳಲ್ಲಿ. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಇದೇ ಜಾತಿಯ ಹಾವುಗಳಿಗೆ ಒಂದು ಗುಡಿಯೂ ಇದ್ದು, ಅಲ್ಲಿಯ ಜನ ಅವುಗಳನ್ನು ಪೂಜ್ಯವೆಂದು ಕಾಣುತ್ತಾರೆ. ಧಾರವಾಡದ ಹುತ್ತಕ್ಕೂ ಆ ಹುತ್ತಕ್ಕೂ ಸಾವಿರಾರು ಮೈಲಿಗಳ ಅಂತರವಿದ್ದರೂ ಹಾವು ಅದರಲ್ಲಿ ಹುಡುಕುವುದು ಒಂದನ್ನೇ. ಒಳಗೆ ಕತ್ತಲು, ಹೊರಗಿನ ಬಿಸಿಲು-ಚಳಿಗಳ ಏರಿಳಿತ ತಟ್ಟದ ಸಮಶೀತೋಷ್ಣ, ನೆಲದ ತೇವ, ಮೈಗೆ ತಾಗುವಷ್ಟು ಸಮೀಪದ ಗೋಡೆ, ಗಾಳಿಯಾಡುವುದಕ್ಕೆ ಚಿಕ್ಕ ರಂಧ್ರಗಳು. ಇವುಗಳಲ್ಲಿ ಒಂದನ್ನೂ ಮೇಲ್ಭಾಗ ತೆರೆದ ಗಾಜಿನ ತೊಟ್ಟಿ ಸುಲಭವಾಗಿ ಕೊಡುವುದಿಲ್ಲ. ಬಟ್ಟೆ ತುಂಬಿಡಲೆಂದು ತಯಾರಾದ ಒಂದು ಪ್ಲಾಸ್ಟಿಕ್ ಟಬ್, ಸರಿಯಾಗಿ ಆರಿಸಿದರೆ, ಬಹುಮಟ್ಟಿಗೆ ಎಲ್ಲವನ್ನೂ ಕೊಡುತ್ತದೆ. ಗಾಜಿನ ತೊಟ್ಟಿಯನ್ನು ನಾವು ಇಟ್ಟುಕೊಂಡದ್ದು ಹಾವನ್ನು ನಾವು ನೋಡುವುದಕ್ಕಾಗಿ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಪುಣೆಯಲ್ಲಿ ಮನೆಬಳಕೆಯ ಸಾಮಾನಿಗೆ ಹೋಗುವುದೆಂದರೆ ತುಳಶೀಬಾಗ್, ರವಿವಾರ ಪೇಠ. ನಾನೂ ಅಲ್ಲಿಗೇ ಹೋದೆ. ಅಂಗಡಿಯವರು ಟಬ್‌ಗಳನ್ನು ಲೀಟರಿನ ಲೆಕ್ಕದಲ್ಲಿ ಹೇಳುತ್ತಾರೆ: ಇದು 45, ಇದು 60, ಇದು 80. ಬಟ್ಟೆಗೆ ಆ ಲೆಕ್ಕ ಸಾಕು. ಹಾವಿಗೆ ಅದು ದಾರಿ ತಪ್ಪಿಸುವ ಲೆಕ್ಕ. 80 ಲೀಟರಿನ ಟಬ್ ಎತ್ತರವಾಗಿದ್ದು ತಳದಲ್ಲಿ ಕಿರಿದಾಗಿರಬಹುದು; ಅದಕ್ಕಿಂತ ಕಡಿಮೆ ಲೀಟರಿನ ಚಪ್ಪಟೆ ಟಬ್‌ನಲ್ಲಿ ಹಾವಿಗೆ ಸಿಗುವ ನೆಲ ಹೆಚ್ಚಿರಬಹುದು. ಇನ್ನೊಂದು ವಿಷಯವನ್ನು ನಾನು ಮನೆಗೆ ಬಂದ ಮೇಲಷ್ಟೇ ಗಮನಿಸಿದೆ. ಒಂದರೊಳಗೊಂದು ಜೋಡಿಸಿಡಲು ಅನುಕೂಲವಾಗಲೆಂದು ಈ ಟಬ್‌ಗಳ ಗೋಡೆಗಳನ್ನು ಓರೆಯಾಗಿ ಮಾಡಿರುತ್ತಾರೆ. ಬಾಯಿಯ ಅಳತೆಗೂ ತಳದ ಅಳತೆಗೂ ನಾಲ್ಕೈದು ಇಂಚುಗಳ ವ್ಯತ್ಯಾಸ ಬರುತ್ತದೆ. ಚೀಟಿಯಲ್ಲಿ ಬರೆದಿರುವುದು ಬಾಯಿಯ ಅಳತೆ. ಹಾವು ಬದುಕುವುದು ತಳದಲ್ಲಿ. ಎರಡನೆಯ ಸಲ ಹೋದಾಗ ಹೊಲಿಗೆಯ ಟೇಪನ್ನು ಚೀಲದಲ್ಲಿ ಒಯ್ದು, ಪ್ರತಿಯೊಂದರ ಒಳತಳವನ್ನು ಅಳೆದೆ. ಅಂಗಡಿಯಾತ “ಕಾಕು, ಆತ ಕಾಯ್ ಠೇವಣಾರ್?” ಎಂದು, ಒಳಗೆ ಏನು ಇಡುತ್ತೀರೆಂದು, ಮರಾಠಿಯಲ್ಲಿ ಕೇಳಿದಾಗ ನಿಜವನ್ನೇ ಹೇಳಿದೆ. ಆತ ಎರಡು ಹೆಜ್ಜೆ ಹಿಂದೆ ಸರಿದರೂ, ನಂತರ ಮೇಲಿನ ಅಟ್ಟದಿಂದ ಇನ್ನೂ ನಾಲ್ಕು ಟಬ್‌ಗಳನ್ನು ಇಳಿಸಿಕೊಟ್ಟ.

ಪ್ಲಾಸ್ಟಿಕ್ಕಿನ ಜಾತಿಯನ್ನು ತಳದಲ್ಲಿರುವ ತ್ರಿಕೋನದೊಳಗಿನ ಅಂಕಿ ಹೇಳುತ್ತದೆ. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಹಾವಿನ ಟಬ್‌ಗೆ ನಾನು ನಂಬುವುದು ಇದನ್ನೇ, ಏಕೆಂದರೆ ಹಾವಿಗೆ ಬೇಕಾಗುವ 30-32 ಡಿಗ್ರಿಯ ಬಿಸಿ ಇದಕ್ಕೆ ಏನೂ ಅಲ್ಲ, ಬಾಗಿದರೂ ತಟ್ಟನೆ ಸೀಳುವುದಿಲ್ಲ, ತೊಳೆದರೆ ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ. 6 ಎಂದಿರುವ ಪಾಲಿಸ್ಟೈರೀನ್ ಗಾಜಿನಂತೆ ಹೊಳೆಯುತ್ತದೆ. ಆದರೆ ರಂಧ್ರ ಕೊರೆಯಲು ಹೋದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಅಂಕಿಯೇ ಇಲ್ಲದ, ಮೂಗಿಗೆ ಹಿಡಿದಾಗ ಗಾಟು ಬರುವ, ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಗಾಢ ಬಣ್ಣದ ಟಬ್‌ಗಳನ್ನು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದು ಒಳ್ಳೆಯದು. ಹಾವು ತನ್ನ ಲೋಕವನ್ನು ತಿಳಿಯುವುದು ನಾಲಿಗೆ ಚಾಚಿ, ಗಾಳಿಯಲ್ಲಿನ ಕಣಗಳನ್ನು ಬಾಯಿಯ ಅಂಗುಳದಲ್ಲಿರುವ, ವಾಸನೆ ಗುರುತಿಸುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸಿ. ನಮಗೆ ಒಂದು ಗಂಟೆಯಲ್ಲಿ ಅಭ್ಯಾಸವಾಗಿಬಿಡುವ ವಾಸನೆಯೊಳಗೆ ಅದು ಹಗಲಿರುಳೂ ಇರಬೇಕಾಗುತ್ತದೆ. ಹೊಸ ಟಬ್ ಯಾವುದೇ ಇರಲಿ, ಸಾಬೂನು ನೀರಿನಿಂದ ತೊಳೆದು ನಾಲ್ಕು ದಿನ ನೆರಳಿನಲ್ಲಿ ಬಾಯಿ ತೆರೆದು ಇಡುತ್ತೇನೆ. ಬಿಸಿಲಿಗೆ ಇಡುವುದಿಲ್ಲ, ಏಕೆಂದರೆ ಬಿಸಿಲಿಗೆ ಪಾಲಿಪ್ರೊಪಿಲೀನ್ ಕ್ರಮೇಣ ಪೆಡಸಾಗುತ್ತದೆ.

ಇಷ್ಟೆಲ್ಲ ನೋಡಿ ತಂದ ಮೊದಲ ಟಬ್‌ನಲ್ಲಿ ನಾನು ಮುಚ್ಚಳವನ್ನು ನೋಡಿರಲಿಲ್ಲ. ಅಗಲವಾದ ಮುಚ್ಚಳ, ಎರಡೂ ಚಿಕ್ಕ ಬದಿಗಳಲ್ಲಿ ಒಂದೊಂದು ಕ್ಲಿಪ್ಪು. ಒತ್ತಿದಾಗ ಟಕ್ಕೆಂದು ಕೂರುತ್ತಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಟಬ್ ಖಾಲಿ, ಮುಚ್ಚಳ ಹಾಕಿದ ಹಾಗೆಯೇ ಇದೆ. ಇಡೀ ದಿನ ಮನೆಯವರೆಲ್ಲ ಹುಡುಕಿದೆವು. ನನ್ನ ಗಂಡ ಬಚ್ಚಲಿನ ಕೊಳವೆಗಳಿಗೆಲ್ಲ ಬಟ್ಟೆ ತುರುಕಿದರು. ನಾನು ಸೊಸೈಟಿಯ ಕಾರ್ಯದರ್ಶಿಗೆ ಫೋನ್ ಮಾಡಿ, ಇದು ವಿಷವಿಲ್ಲದ ಹಾವು, ಕಂಡರೆ ದಯವಿಟ್ಟು ಹೊಡೆಯದೆ ನಮಗೆ ತಿಳಿಸಿ ಎಂದು ಬೇಡಿಕೊಂಡೆ. ಸಂಜೆ ಅದು ಸಿಕ್ಕಿದ್ದು ಫ್ರಿಜ್ಜಿನ ಹಿಂದೆ, ಕಂಪ್ರೆಸರಿನ ಬಿಸಿಗೆ ಮೈಯೊಡ್ಡಿ ಸುರುಳಿಯಾಗಿ ಕುಳಿತಲ್ಲಿ. ಆ ದಿನದ ಹೆದರಿಕೆ ಇನ್ನೂ ನನ್ನಲ್ಲಿದೆ. ಅದು ಯಾರನ್ನಾದರೂ ಕಚ್ಚೀತೆಂಬ ಹೆದರಿಕೆ ನನಗಿರಲಿಲ್ಲ; ಅದನ್ನು ಯಾರಾದರೂ ಕೊಂದಾರೆಂಬ ಹೆದರಿಕೆ ಇತ್ತು.

ಹಾವು ಮುಚ್ಚಳವನ್ನು ಬಲದಿಂದ ಎತ್ತಿ ಎಸೆಯುವುದಿಲ್ಲ. ರಾತ್ರಿಯಿಡೀ ಅಂಚಿನುದ್ದಕ್ಕೂ ಮೂತಿ ಒತ್ತುತ್ತ ಹೋಗಿ, ಎಲ್ಲಿ ಕೂದಲೆಳೆಯಷ್ಟು ಸಡಿಲವಿದೆಯೋ ಅಲ್ಲಿ ನಿಂತು, ಮೈಯನ್ನು ಸ್ಪ್ರಿಂಗಿನಂತೆ ಮಡಿಸಿ ನೂಕುತ್ತದೆ. ಚಿಕ್ಕ ಬದಿಗಳಲ್ಲಿ ಮಾತ್ರ ಕ್ಲಿಪ್ಪಿರುವ ಟಬ್‌ನಲ್ಲಿ ಉದ್ದ ಬದಿಯ ನಟ್ಟನಡುವೆ ಮುಚ್ಚಳ ಬಾಗುತ್ತದೆ, ಮತ್ತು ದಾರಿ ಅಲ್ಲಿಯೇ. ಮೇಲೆ ಇಟ್ಟಿಗೆ ಹೇರುವುದು ಪರಿಹಾರವಲ್ಲ: ಭಾರಕ್ಕೆ ಮುಚ್ಚಳ ಇನ್ನಷ್ಟು ಬಾಗಿ ಅಂಚು ಏಳುತ್ತದೆ, ಒಂದು ದಿನ ಇಟ್ಟಿಗೆಯೇ ಒಳಗೆ ಬೀಳಬಹುದು. ಈಗ ನಾನು ಅಂಗಡಿಯಲ್ಲಿಯೇ ಮುಚ್ಚಳ ಹಾಕಿಸಿ, ಟಬ್ಬನ್ನು ತಲೆಕೆಳಗು ಮಾಡಿ, ಉದ್ದ ಬದಿಯ ಮಧ್ಯದಲ್ಲಿ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡುತ್ತೇನೆ. ಬೆರಳ ತುದಿ ನುಸುಳಿದರೆ ಆ ಟಬ್ ಬೇಡ. ನಾಲ್ಕೂ ಬದಿಗೆ ಕ್ಲಿಪ್ಪಿರುವುದು ಸಿಕ್ಕರೆ ಉತ್ತಮ. ಸಿಗದಿದ್ದರೆ ಸಾಮಾನು ಕಟ್ಟುವ ನೈಲಾನ್ ಬೆಲ್ಟುಗಳನ್ನು ಅಡ್ಡಲಾಗಿ ಎರಡು ಕಡೆ ಬಿಗಿಯಬೇಕು. ಅಂಟು ಟೇಪನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು. ಅದರ ಅಂಟು ಬದಿಗೆ ಹಾವಿನ ಮೈ ತಾಗಿದರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ. ತೇವಮಾಪಕವನ್ನು ಒಳಗೋಡೆಗೆ ಟೇಪಿನಿಂದ ಅಂಟಿಸುವವರು ಈ ಮಾತನ್ನು ನೆನಪಿಡಬೇಕು.

ಎರಡನೆಯ ಟಬ್ಬಿನ ಮುಚ್ಚಳ ಗಟ್ಟಿಯಾಗಿತ್ತು. ಆದರೆ ಅದು ನೀರಿನಂತೆ ಪಾರದರ್ಶಕ, ಮತ್ತು ನೆಲ ಕಿರಿದು. ಅತ್ತೆಯವರ ಮಾತು ಕೇಳಿಯೂ ನಾನು ಅದನ್ನು ತಂದದ್ದು, ಒಳಗೆ ಹಾವು ಇದೆಯೇ ಇಲ್ಲವೇ ಎಂದು ಕ್ಷಣಕ್ಷಣಕ್ಕೂ ಕಣ್ಣಿಗೆ ಕಾಣಬೇಕೆಂಬ, ಆ ಫ್ರಿಜ್ಜಿನ ದಿನದ ಭಯದಿಂದ. ಮುತ್ತು ಪ್ರತಿ ರಾತ್ರಿ ಅದೇ ಮೂಲೆಯಲ್ಲಿ, ತನಗೆ ಕಾಣುವ ಆದರೆ ದಾಟಲಾಗದ ಗೋಡೆಗೆ ಮೂತಿ ಉಜ್ಜುತ್ತ, ಎರಡು ತಿಂಗಳು ಆಹಾರ ಮುಟ್ಟಲಿಲ್ಲ. ಬಾಲ್ ಪೈಥಾನ್‌ಗಳು ತಿಂಗಳುಗಟ್ಟಲೆ ಉಪವಾಸವಿರುವುದು ಹೊಸದಲ್ಲವಾದ್ದರಿಂದ ನಾನು ಮೊದಮೊದಲು ಗಾಬರಿಯಾಗಲಿಲ್ಲ. ಮೂತಿಯ ತುದಿಯ ಹುರುಪೆ ಎದ್ದು ಕೆಂಪಾದಾಗ ಎಚ್ಚರವಾಯಿತು. ಹೊರಗೋಡೆಗೆ ಕಂದು ಕಾಗದ ಸುತ್ತಿದೆ. ಉಜ್ಜುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಮೂರನೆಯದು ಈಗಿರುವ ಬೂದು ಟಬ್. ಪೂರ್ತಿ ಅಪಾರದರ್ಶಕವಲ್ಲ, ಮಂಜುಗಾಜಿನಂತೆ ಮಬ್ಬು. ಹಗಲು-ರಾತ್ರಿಗಳ ವ್ಯತ್ಯಾಸ ಒಳಗಿರುವ ಜೀವಕ್ಕೆ ತಿಳಿಯುತ್ತದೆ, ನಮ್ಮ ಓಡಾಟ ಅದಕ್ಕೆ ಕಾಣುವುದಿಲ್ಲ. ಒಳತಳ 33 ಇಂಚು ಉದ್ದ, 18 ಇಂಚು ಅಗಲ. ತಂದ ಹದಿನೇಳನೆಯ ದಿನ ಮುತ್ತು ತಿಂದಿತು.

ಗಾಳಿಯ ರಂಧ್ರಗಳ ವಿಷಯದಲ್ಲಿ ತಾಳ್ಮೆ ಬೇಕು. ಬುಧವಾರ ಪೇಠೆಯ ತಪಕೀರ ಗಲ್ಲಿಯಿಂದ ತಂದ ಬೆಸುಗೆ ಕಡ್ಡಿಯನ್ನು ಕಾಯಿಸಿ, ಬಾಲ್ಕನಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕುಳಿತು, ಸುಮಾರು 5 ಮಿಲಿಮೀಟರಿನ ರಂಧ್ರಗಳನ್ನು ಮಾಡಿದೆ. ಒಳಗಿನಿಂದ ಹೊರಕ್ಕೆ ಚುಚ್ಚಬೇಕು. ಆಗ ಕರಗಿದ ಪ್ಲಾಸ್ಟಿಕ್ಕಿನ ಒರಟು ಅಂಚು ಹೊರಗೆ ಉಳಿದು, ಹಾವಿನ ಮೈ ತಾಗುವ ಬದಿ ನುಣುಪಾಗಿರುತ್ತದೆ. ಹಾಗಿದ್ದೂ ಪ್ರತಿಯೊಂದು ರಂಧ್ರದ ಮೇಲೆ ಕಿರುಬೆರಳನ್ನು ಆಡಿಸಿ, ತರಿಯೆನಿಸಿದಲ್ಲಿ ಮರಳುಕಾಗದದಿಂದ ಉಜ್ಜಿದೆ. ಮುಚ್ಚಳದಲ್ಲಿ ರಂಧ್ರ ಮಾಡಿದರೆ ತೇವವೆಲ್ಲ ಮೇಲಕ್ಕೆ ಹಾರಿಹೋಗಿ ಗಾಜಿನ ತೊಟ್ಟಿಯ ಕಥೆಯೇ ಮರಳುತ್ತದೆ. ಆದ್ದರಿಂದ ಉದ್ದ ಬದಿಗಳಲ್ಲಿ, ತಂಪಿನ ತುದಿಗೆ ಕೆಳಗಿನ ಸಾಲು, ಬಿಸಿಯ ತುದಿಗೆ ಮೇಲಿನ ಸಾಲು, ಒಟ್ಟು ಇಪ್ಪತ್ತನಾಲ್ಕರಿಂದ ಆರಂಭಿಸಿದೆ. ಬಿಸಿಗಾಳಿ ಮೇಲಿನಿಂದ ಹೊರಟಂತೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ರಂಧ್ರಗಳನ್ನು ಆಮೇಲೆ ಹೆಚ್ಚಿಸಬಹುದು, ಮುಚ್ಚುವುದು ಕಷ್ಟ. ಮರಿಹಾವಿನ ಟಬ್‌ನಲ್ಲಿ ರಂಧ್ರ ಇನ್ನೂ ಚಿಕ್ಕದಿರಬೇಕು: ಅದರ ತಲೆ ಎಲ್ಲಿ ತೂರುತ್ತದೋ ಅಲ್ಲಿ ಮೈ ಸಿಕ್ಕಿಕೊಳ್ಳುತ್ತದೆ.

ಬಿಸಿಯ ಏರ್ಪಾಡು ಟಬ್ಬಿನ ತಳವನ್ನು ಅವಲಂಬಿಸಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಹಾವು ತನ್ನ ಮೈಯ ಬಿಸಿಯನ್ನು ತಾನು ಉತ್ಪಾದಿಸಲಾರದು. ಬೇಕೆಂದಾಗ ಬಿಸಿಗೆ ಸರಿದು, ಸಾಕೆಂದಾಗ ತಂಪಿಗೆ ಸರಿಯುತ್ತದೆ. ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 25-27 ಡಿಗ್ರಿ ಇರಬೇಕಾದರೆ, ಟಬ್ಬಿನ ಅಡಿಗೆ ಹಾಸುವ ಹೀಟ್ ಮ್ಯಾಟ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಚಾಪೆ, ತಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆವರಿಸಬಾರದು, ಮತ್ತು ಟಬ್ ಆ ಎರಡು ತುದಿಗಳ ನಡುವೆ ವ್ಯತ್ಯಾಸ ಉಳಿಯುವಷ್ಟು ಉದ್ದವಾಗಿರಬೇಕು. ಚಿಕ್ಕ ಟಬ್‌ನಲ್ಲಿ ಇದು ಆಗುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಇಡೀ ಟಬ್ ಒಂದೇ ಬಿಸಿಯಾಗುತ್ತದೆ. ದೊಡ್ಡ ಟಬ್‌ಗಳ ಕೆಳಗೆ ಗಾಲಿಗಳಿರುತ್ತವೆ. ಅವುಗಳನ್ನು ಕಿತ್ತುಹಾಕದಿದ್ದರೆ ಮ್ಯಾಟಿಗೂ ತಳಕ್ಕೂ ಸಂಪರ್ಕವೇ ಇರುವುದಿಲ್ಲ. ತಳದಲ್ಲಿ ಆಳವಾದ ಗೆರೆಗಳಿದ್ದರೆ ಅಲ್ಲಿ ನೀರು ನಿಂತು ಕೊಳೆಯುತ್ತದೆ. ಸಪಾಟಾದ ತಳವೇ ಒಳ್ಳೆಯದು. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟನ್ನು ನಾನು ಹಾವಿನ ಹತ್ತಿರಕ್ಕೂ ತರುವುದಿಲ್ಲ, ಏಕೆಂದರೆ ಅದು 45 ಡಿಗ್ರಿಯನ್ನೂ ದಾಟಬಲ್ಲದು, ಮತ್ತು ಹೊಟ್ಟೆಯಡಿಯ ಬಿಸಿಯಿಂದ ತಕ್ಷಣ ಸರಿಯದೆ ಹಾವು ಸುಟ್ಟುಕೊಳ್ಳುತ್ತದೆ.

ಪುಣೆಯಲ್ಲಿ ಒಂದೇ ಟಬ್ ಮೂರು ಊರುಗಳಲ್ಲಿ ಬದುಕಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಮುಟ್ಟಿದಾಗ ಮ್ಯಾಟ್ ಬೇಡ. ಟಬ್ ನೆಲದ ಮೇಲೆ, ಬಿಸಿಲು ಬೀಳದ ಉತ್ತರದ ಕೋಣೆಯಲ್ಲಿರಬೇಕು. ಮುಚ್ಚಿದ ಪ್ಲಾಸ್ಟಿಕ್ ಟಬ್ಬಿನ ಮೇಲೆ ಸ್ವಲ್ಪ ಹೊತ್ತು ನೇರ ಬಿಸಿಲು ಬಿದ್ದರೂ ಒಳಗಿನ ಜೀವ ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬೇಸಿಗೆಯಲ್ಲಿ ಕಾಪಾಡಿದ ಅದೇ ಮುಚ್ಚಳ ಮಳೆಗಾಲದಲ್ಲಿ ಉಸಿರುಗಟ್ಟಿಸುತ್ತದೆ; ಕಳೆದ ಜುಲೈನಲ್ಲಿ ತೆಂಗಿನ ನಾರಿನ ಪುಡಿಯ ಮೇಲೆ ಬಿಳಿ ಬೂಸ್ಟು ಕಂಡಾಗ ಇನ್ನೂ ಹದಿನಾರು ರಂಧ್ರಗಳನ್ನು ಕೊರೆದೆ, ಪುಡಿಯನ್ನು ತೆಗೆದು ಒಣ ಕಾಗದ ಹಾಸಿದೆ. ಸದಾ ಒದ್ದೆಯಲ್ಲಿ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳು ಬೊಬ್ಬೆಯೇಳುತ್ತವೆ, ಉಸಿರಿನಲ್ಲಿ ಗೊರಗೊರ ಸದ್ದು ಬರುತ್ತದೆ. ಅಷ್ಟಾದರೆ ವೈದ್ಯರ ಬಳಿಗೇ ಹೋಗಬೇಕು. ಡಿಸೆಂಬರ್, ಜನವರಿಯ ರಾತ್ರಿಗಳು 10 ಡಿಗ್ರಿಗೆ ಇಳಿದಾಗ ಟಬ್ಬಿನ ಮೇಲೆ, ರಂಧ್ರಗಳನ್ನು ಬಿಟ್ಟು, ನಿಜವಾಗಿಯೂ ಒಂದು ಕೌದಿಯನ್ನೇ ಹೊದಿಸುತ್ತೇನೆ.

ಶುಚಿತ್ವದ ಬಗ್ಗೆ ಒಂದೇ ಎಚ್ಚರಿಕೆ. ನಮ್ಮ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನಾಯಿಲ್ ಟಬ್ಬಿನ ಹತ್ತಿರ ಸುಳಿಯಬಾರದು. ಫೀನಾಲ್ ಜಾತಿಯ ರಾಸಾಯನಿಕಗಳು ಹಾವುಗಳಿಗೆ ವಿಷ. ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರಾವಣವನ್ನು ತೆಳುವಾಗಿ ಬೆರೆಸಿ ಒರೆಸಿ, ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹಾವನ್ನು ಒಳಗೆ ಬಿಡುತ್ತೇನೆ.

ಇಲ್ಲಿಯವರೆಗೆ ಬರೆದದ್ದೆಲ್ಲ ಕೈಗೆ ಎಟಕುವ ವಿಷಯಗಳು. ನನ್ನನ್ನು ನಿಜವಾಗಿ ಕಾಡುತ್ತಿರುವುದು ಅಳತೆಯ ಪ್ರಶ್ನೆ. ಮುತ್ತು ಮರಿಯಾಗಿದ್ದಾಗ ಮಗ ಅದನ್ನು ಚಪ್ಪಲಿ ಪೆಟ್ಟಿಗೆಯಷ್ಟಿದ್ದ ಆರು ಲೀಟರಿನ ಡಬ್ಬಿಯಲ್ಲಿಟ್ಟಿದ್ದ. ಅದು ಸರಿಯೇ ಆಗಿತ್ತು: ಮರಿಹಾವಿಗೆ ಬಯಲೆಂದರೆ ಹದ್ದಿನ ಭಯ, ಮರೆಯಿಲ್ಲದ ದೊಡ್ಡ ಜಾಗದಲ್ಲಿ ಅದು ಉಣ್ಣುವುದೇ ಇಲ್ಲ. ಈ ಅನುಭವದಿಂದಲೇ ಹಲವು ಸಾಕಣೆದಾರರು ಒಂದು ಹೆಜ್ಜೆ ಮುಂದೆ ಹೋಗಿ, ಬೆಳೆದ ಹಾವಿಗೂ ಚಿಕ್ಕ ಟಬ್ ಸಾಕು, ಕಾಡಿನಲ್ಲಿಯೂ ಅದು ಬಿಲದಲ್ಲಿಯೇ ಇರುತ್ತದಲ್ಲ ಎನ್ನುತ್ತಾರೆ. ಕಪಾಟಿನ ಸೆಳೆಖಾನೆಗಳಂತೆ ಹತ್ತಾರು ಟಬ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಸಾಕುತ್ತಾರೆ. ಟಬ್ಬಿನ ಉದ್ದ ಮತ್ತು ಅಗಲ ಕೂಡಿಸಿದರೆ ಹಾವಿನ ಉದ್ದಕ್ಕೆ ಸಮವಾದರೆ ಸಾಕೆಂಬ ಒಂದು ಲೆಕ್ಕವೂ ರೂಢಿಯಲ್ಲಿದೆ. ನನ್ನ ಬೂದು ಟಬ್ ಆ ಲೆಕ್ಕದಲ್ಲಿ ಉತ್ತೀರ್ಣವಾಗುತ್ತದೆ: 33ಕ್ಕೆ 18 ಸೇರಿದರೆ 51, ಮುತ್ತುವಿನ ಉದ್ದ 50 ಇಂಚು.

ಹುತ್ತದ ಹೋಲಿಕೆಯನ್ನು ನಂಬಿದ ನಾನು ಈ ವಾದವನ್ನೂ ಕೆಲವು ಕಾಲ ನಂಬಿದೆ. ಆದರೆ ಹುತ್ತಕ್ಕೆ ಬಾಯಿಯಿದೆ. ಕತ್ತಲಾದ ಮೇಲೆ ಹಾವು ಅದರಿಂದ ಹೊರಟು ಹೊಲ, ಬದು, ಪೊದೆಗಳನ್ನು ಸುತ್ತಿ, ಬೇಕೆನಿಸಿದಾಗ ಮರಳುತ್ತದೆ. ಅದು ಮಲಗುವ ಕೋಣೆ, ಇಡೀ ಊರಲ್ಲ. ಆಗ್ನೇಯ ನೈಜೀರಿಯಾದ ಮಳೆಕಾಡುಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅಲ್ಲಿಯ ಗಂಡು ಬಾಲ್ ಪೈಥಾನ್‌ಗಳು ಮರ ಹತ್ತುವುದನ್ನೂ, ಅವುಗಳ ಆಹಾರದಲ್ಲಿ ಹಕ್ಕಿಗಳ ಪಾಲು ದೊಡ್ಡದಿರುವುದನ್ನೂ ದಾಖಲಿಸಿದೆ. ನೆಲದ ಬಿಲ ಬಿಟ್ಟು ಕದಲದ ಜೀವಿಯ ಚಿತ್ರ ಇದಲ್ಲ. ಮೃಗಾಲಯಗಳ ಹಾವುಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಜಾಗವಿದ್ದಲ್ಲಿ ಹಾವುಗಳು ಮೈಯನ್ನು ನೀಳವಾಗಿ, ನೇರವಾಗಿ ಚಾಚುತ್ತವೆ, ಆದ್ದರಿಂದ ಅಷ್ಟು ಉದ್ದದ ನೆಲ ಅವುಗಳಿಗೆ ಸಿಗಬೇಕು ಎಂದು ವಾದಿಸಿದೆ. ಅದನ್ನು ಓದಿದ ನಂತರ ಒಂದು ಭಾನುವಾರ ನಾನು ಕಾತ್ರಜ್‌ನ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ಸರ್ಪೋದ್ಯಾನಕ್ಕೆ ಹೋಗಿ, ಹೆಬ್ಬಾವಿನ ಆವರಣದ ಮುಂದೆ ಮಧ್ಯಾಹ್ನವೆಲ್ಲ ನಿಂತೆ. ಎರಡು ಗಂಟೆ ಅದು ಸುರುಳಿಯಾಗಿಯೇ ಇತ್ತು. ಇನ್ನೇನು ಹೊರಡಬೇಕೆನ್ನುವಾಗ ಮೆಲ್ಲಗೆ ಬಿಚ್ಚಿಕೊಂಡು ಗೋಡೆಯ ಬುಡದುದ್ದಕ್ಕೂ ಹಗ್ಗ ಎಳೆದಿಟ್ಟಂತೆ ಚಾಚಿ ಮಲಗಿತು.

ಮನೆಗೆ ಬಂದು ಆ ರಾತ್ರಿ ನಡುಕೋಣೆಯ ದೀಪ ಆರಿಸಿ ಕುಳಿತೆ. ಹನ್ನೊಂದರ ಸುಮಾರಿಗೆ ಮಬ್ಬು ಗೋಡೆಯ ಹಿಂದೆ ಮುತ್ತುವಿನ ನೆರಳು ಚಲಿಸತೊಡಗಿತು. ಉದ್ದ ಬದಿಯ ಗುಂಟ ಹೋಗಿ, ಮೂಲೆಯಲ್ಲಿ ತಿರುಗಿ, ಚಿಕ್ಕ ಬದಿಯ ಗುಂಟ ಬಂದು, ಮತ್ತೆ ಮೂಲೆಯಲ್ಲಿ ತಿರುಗಿತು. ಒಂದು ಸಲವೂ ಅದರ ಮೈ ಸಂಪೂರ್ಣ ನೇರವಾಗಲಿಲ್ಲ. ಆಗುವುದಕ್ಕೆ ಅಲ್ಲಿ 17 ಇಂಚು ಕಡಿಮೆ ಇತ್ತು. ಇಷ್ಟು ದಿನ ಇದೇ ಟಬ್ಬನ್ನು ಸರಿಯಾದ ಆಯ್ಕೆಯೆಂದು ಮಗನಿಗೆ ಹೇಳುತ್ತ ಬಂದವಳು ನಾನು.

ಅಷ್ಟುದ್ದದ ತಳವಿರುವ ಮುಚ್ಚಳದ ಟಬ್ ನಾನು ಹುಡುಕಿದ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ಅಡುಗೆಮನೆಯ ಕಪಾಟುಗಳಿಗೆ ಬಳಸುವ ಪಿವಿಸಿ ಹಲಗೆಯಿಂದ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯೊಂದನ್ನು ಮಾಡಿಕೊಡಲು ನಮ್ಮ ಬಡಿಗ ಒಪ್ಪಿದ್ದಾನೆ. ಹಲಗೆಗಳ ಸಂದುಗಳನ್ನು ಅಂಟಿನಿಂದ ತುಂಬಿದ ಮೇಲೆ ಅದರ ವಾಸನೆ ಸಂಪೂರ್ಣ ಹೋಗುವವರೆಗೆ ನಾನು ಕಾಯುತ್ತೇನೆಂದೂ, ಮುಂದಿನ ಬಾಗಿಲಿಗೆ ಬೀಗ ಬೇಕೆಂದೂ, ಹತ್ತುವುದಕ್ಕೆ ಒಂದು ದಪ್ಪ ಕೊಂಬೆಯನ್ನು ಅಡ್ಡಲಾಗಿ ಬಿಗಿಯಬೇಕೆಂದೂ ತಿಳಿಸಿದ್ದೇನೆ. ಬೂದು ಟಬ್ ಇನ್ನು ಕಾಯಿಲೆಯ ಕಾಲಕ್ಕೆ ಮತ್ತು ಪೆಟ್ಟಿಗೆ ತೊಳೆಯುವ ದಿನಕ್ಕೆ.

ಹೊಸ ಪೆಟ್ಟಿಗೆಯೊಳಗೆ ಇಡಲೆಂದು ನಿನ್ನೆ ಒಂದು ಹಳೆಯ, ಬಣ್ಣ ದಟ್ಟವಾಗಿರುವ ಹತ್ತು ಲೀಟರಿನ ಅಕ್ಕಿಯ ಡಬ್ಬಿಯನ್ನು ತೊಳೆದೆ. ಒದ್ದೆ ನಾರು ತುಂಬಿದರೆ ಅದು ಪೊರೆ ಬಿಡುವ ದಿನಗಳಲ್ಲಿ ಹಾವು ಅಡಗಿ ಕೂರುವ ಮರೆಯಾಗುತ್ತದೆ. ಅತ್ತೆ ಬಾಲ್ಕನಿಯಲ್ಲಿ ಪಕ್ಕಕ್ಕೆ ಕುಳಿತು, ಬಾಯಿ ಎಷ್ಟು ದೊಡ್ಡದು ಮಾಡುತ್ತೀ ಎಂದು ಕೇಳಿದರು. ಉಂಡ ಮೇಲೆ ಮುತ್ತುವಿನ ನಡುಮೈ ಎಷ್ಟು ದಪ್ಪವಾಗುತ್ತದೋ ಅದಕ್ಕಿಂತ ಎರಡು ಬೆರಳು ಹೆಚ್ಚು ಎಂದೆ. ಅವರು ತಮ್ಮ ಕೈಬಳೆಯನ್ನು ಬಿಚ್ಚಿ ಡಬ್ಬಿಯ ಗೋಡೆಯ ಮೇಲೆ ಹಿಡಿದು, ಇದು ಸಣ್ಣದಾಯಿತು ಎಂದು ತಾವೇ ಹೇಳಿ, ಒಳಗಿನಿಂದ ಒಂದು ಸ್ಟೀಲಿನ ಬಟ್ಟಲನ್ನು ತಂದು ಬೋರಲು ಹಾಕಿದರು. ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟೆ.